ಪ್ರತಿಕ್ರಿಯೆ: ತರಬೇತಿ ಕೊಟ್ಟರೂ ವಾರ್ಡಿನಲ್ಲಿ ಕೂಗಾಟ ಯಾಕೆ ನಿಲ್ಲಲಿಲ್ಲ?

ನಮಸ್ಕಾರ. ನಿಮ್ಮ ವಾರ್ಡಿನ ನರ್ಸ್‌ಗಳಿಗೆ ಎರಡು ದಿನ ಭಾವನಾತ್ಮಕ ಬುದ್ಧಿವಂತಿಕೆಯ (ಅಂದರೆ ತಮ್ಮ ಮತ್ತು ಎದುರಿನವರ ಭಾವನೆಗಳನ್ನು ಅರಿತು ನಿಭಾಯಿಸುವ) ತರಬೇತಿ ಕೊಡಿಸಿದಿರಿ, ತಿಂಗಳೊಳಗೆ ಮತ್ತೆ ಅದೇ ಕೂಗಾಟ, ದುಡ್ಡು ದಂಡವಾಯಿತಾ ಎಂದು ಕೇಳಿದ್ದೀರಿ. ಪೂರ್ತಿ ದಂಡ ಅನ್ನಲಾರೆ. ಆದರೆ ಕ್ಲಾಸು ಒಂದೇ ಸಾಲದು.

ನಾನೂ ಹನ್ನೆರಡು ವರ್ಷ ವಾರ್ಡ್ ನೋಡಿಕೊಂಡವಳು. ನಮ್ಮಲ್ಲಿ ಹಿರಿಯ ಡಾಕ್ಟರ್ ಒಬ್ಬರು ರೌಂಡ್ಸ್‌ನಲ್ಲಿ ರೋಗಿಗಳ ಎದುರೇ ಬೈಯುತ್ತಿದ್ದರು. ಬೈಸಿಕೊಂಡ ಸಿಸ್ಟರ್ ಆಯಾ ಮೇಲೆ ರೇಗುತ್ತಿದ್ದರು, ಆಯಾ ರೋಗಿಯ ಕಡೆಯವರ ಮೇಲೆ. ಮೇಲಿನವರು ಸಿಟ್ಟನ್ನು ಹೇಗೆ ನಿಭಾಯಿಸುತ್ತಾರೋ ಕೆಳಗಿನವರು ಅದನ್ನೇ ಕಲಿಯುತ್ತಾರೆ, ಅಲ್ವಾ?

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕಿ ಏಮಿ ಎಡ್ಮಂಡ್ಸನ್ 1990ರ ದಶಕದಲ್ಲಿ ಅಮೆರಿಕದ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದರು. ಒಳ್ಳೆಯ ತಂಡಗಳಲ್ಲೇ ತಪ್ಪುಗಳ ಲೆಕ್ಕ ಜಾಸ್ತಿ ಕಂಡಿತು! ಕಾರಣ ಹುಡುಕಿದರೆ, ಅಲ್ಲಿನವರು ಆದ ತಪ್ಪನ್ನು ಹೆದರದೆ ಹೇಳಿಕೊಳ್ಳುತ್ತಿದ್ದರು. ಬೇರೆ ಕಡೆ ಮುಚ್ಚಿಡುತ್ತಿದ್ದರು. ಭಯ ಇರುವ ಕಡೆ ಯಾರೂ ಮನಸ್ಸು ಬಿಚ್ಚುವುದಿಲ್ಲ.

ಹಾಗಾಗಿ ಮುಂದಿನ ತರಬೇತಿಗೆ ಡಾಕ್ಟರ್‌ಗಳನ್ನೂ ಕೂರಿಸಿ, ನೀವೂ ಕೂತುಕೊಳ್ಳಿ. ಏನಾದರೂ ಎಡವಟ್ಟಾದಾಗ "ಯಾರು ಮಾಡಿದ್ದು?" ಅನ್ನುವ ಮೊದಲು "ಏನಾಯಿತು?" ಎಂದು ಕೇಳಿ. ನಮ್ಮ ಇನ್‌ಚಾರ್ಜ್ ಸಿಸ್ಟರ್ ಒಂದು ದಿನ ಡ್ಯೂಟಿ ಬದಲಾಗುವಾಗ ತಮ್ಮದೇ ತಪ್ಪನ್ನು ಎಲ್ಲರೆದುರು ಹೇಳಿದರು. ಮರುವಾರದಿಂದ ಹೊಸ ಹುಡುಗಿಯರೂ ಬಾಯಿ ಬಿಟ್ಟರು.

ಇನ್ನೊಂದು ಮಾತು. ನೈಟ್ ಡ್ಯೂಟಿ ಮೇಲೆ ನೈಟ್ ಡ್ಯೂಟಿ ಹಾಕಿ, ಸುಮ್ನೆ ನಗುನಗುತ್ತಾ ಇರಿ ಅನ್ನಬೇಡಿ. ಮೊದಲು ರೋಸ್ಟರ್ ನೋಡಿ.