ತಡೆಯಾಜ್ಞೆಗೆ ತಲೆಬಾಗಿದ್ದು ಹೇಡಿತನವೇ?

ಪ್ರಿಯ ಓದುಗರೇ,

ಗಾಂಧೀಜಿ ಉಪ್ಪಿನ ಕಾಯಿದೆ ಮುರಿದದ್ದನ್ನು ನೆನಪಿಸಿ, ‘ಅನ್ಯಾಯವೆಂದು ಗೊತ್ತಿದ್ದೂ ಕಾನೂನಿಗೆ ತಲೆಬಾಗುವುದು ಹೇಡಿತನವಲ್ಲವೇ?’ ಎಂದು ಕೇಳಿದ್ದೀರಿ. ಎಲ್ಲ ಸಲವೂ ಅಲ್ಲ. ಹಾಗೆನ್ನಲು ನನಗೆ ಧೈರ್ಯ ಕೊಡುವವರು ಅಂಬೇಡ್ಕರ್.

ಮಹಾರಾಷ್ಟ್ರದ ಮಹಾಡದ ಚವದಾರ್ ಕೆರೆ ಎಲ್ಲ ಜಾತಿಯವರಿಗೂ ಮುಕ್ತವೆಂದು ಅಲ್ಲಿನ ಪುರಸಭೆಯೇ ಠರಾವು ಮಾಡಿತ್ತು. 1927ರ ಮಾರ್ಚ್ 20ರಂದು ಅಂಬೇಡ್ಕರ್ ತಮ್ಮವರೊಡನೆ ಹೋಗಿ ಆ ನೀರು ಕುಡಿದರು. ಅಷ್ಟಕ್ಕೇ ಸವರ್ಣೀಯರು ದೊಣ್ಣೆ ಹಿಡಿದು ಮೇಲೆ ಬಿದ್ದರು, ಆಮೇಲೆ ಕೆರೆಯನ್ನು ‘ಶುದ್ಧಿ’ ಮಾಡಿದರು. ಡಿಸೆಂಬರಿನಲ್ಲಿ ಸತ್ಯಾಗ್ರಹಕ್ಕೆಂದು ಸಾವಿರಾರು ಜನ ಮತ್ತೆ ಸೇರಿದರು. ಅಷ್ಟರಲ್ಲಿ ಎದುರಾಳಿಗಳು ಕೆರೆ ಖಾಸಗಿ ಸ್ವತ್ತೆಂದು ದಾವೆ ಹೂಡಿ ತಾತ್ಕಾಲಿಕ ತಡೆಯಾಜ್ಞೆ ತಂದಿದ್ದರು. ಜೈಲಿಗೂ ಸಿದ್ಧರಾಗಿ ಬಂದವರನ್ನು ಅಂಬೇಡ್ಕರ್ ತಡೆದರು. ಮನುಸ್ಮೃತಿಯನ್ನು ಸುಟ್ಟರು, ಮೆರವಣಿಗೆಯಲ್ಲಿ ಕೆರೆಯನ್ನು ಸುತ್ತಿ ಬಂದರು. ನೀರು ಮಾತ್ರ ಮುಟ್ಟಲಿಲ್ಲ. ಬಾಂಬೆ ಹೈಕೋರ್ಟಿನಲ್ಲಿ ಗೆದ್ದದ್ದು 1937ರಲ್ಲಿ! ಬಾಯಾರಿದವರು ಕೆರೆಯ ದಂಡೆಯಿಂದ ಹಾಗೆಯೇ ಹಿಂತಿರುಗಿದ್ದನ್ನು ಹೇಡಿತನವೆನ್ನಲು ನನಗೆ ಬಾಯಿ ಬಾರದು.

ಆದರೆ ಕಾಯುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಸಾಂವಿಧಾನಿಕ ದಾರಿ ತೆರೆದಿರುವಾಗ ಸತ್ಯಾಗ್ರಹವನ್ನೂ ಕೈಬಿಡಬೇಕೆಂದು ಇದೇ ಅಂಬೇಡ್ಕರ್ 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಹೇಳಿದರು. ನಾನು ಈ ಮಾತನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಪೂರ್ತಿಯಾಗಿ ಅಲ್ಲ. 1951ರಲ್ಲಿ ಸಾಗರದ ಕಾಗೋಡಿನ ಗೇಣಿದಾರರಿಗೆ ಯಾವ ದಾರಿ ತೆರೆದಿತ್ತು? ಗೇಣಿ ಭತ್ತ ಅಳೆಯುವ ಕೊಳಗವೇ ಅಳತೆ ಮೀರಿ ದೊಡ್ಡದು. ಪ್ರಶ್ನಿಸಿದವರಿಗೆ ಉಳುವ ಗದ್ದೆಯೇ ಇಲ್ಲ. ಮೊದಲ ಮಹಾಚುನಾವಣೆ ಇನ್ನೂ ನಡೆದಿರಲಿಲ್ಲ. ಅವರು ಹಾಡಹಗಲೇ ನೇಗಿಲು ಹೊತ್ತು ಗದ್ದೆಗಿಳಿದರು, ಬಂಧನಕ್ಕೊಳಗಾದರು. ಬೆಂಬಲಿಸಲು ಬಂದ ಸಮಾಜವಾದಿ ನಾಯಕ ಲೋಹಿಯಾ ಅವರೂ ಬಂಧಿತರಾದರು. ಆ ಗೇಣಿದಾರರು ಮಾಡಿದ್ದು ಸರಿ ಎಂದೇ ನಾನು ನಂಬಿದ್ದೇನೆ.

‘ಯಾರಿಗೂ ಗೊತ್ತಾಗದಂತೆ ತೆರಿಗೆ ತಪ್ಪಿಸುವುದೂ ಪ್ರತಿಭಟನೆಯೇ’ ಎಂದೂ ಬರೆದಿದ್ದೀರಿ. ಇದನ್ನು ಒಪ್ಪಲಾರೆ. ಕಾಗೋಡಿನವರು ರಾತ್ರಿ ಕದ್ದು ಉಳಲಿಲ್ಲ. ನೀವು ಗುಟ್ಟಾಗಿ ತಪ್ಪಿಸಿದರೆ ಆ ತೆರಿಗೆ ನಿಮ್ಮ ನೆರೆಯವರ ಮೇಲೆ ಹಾಗೆಯೇ ಉಳಿಯುತ್ತದೆ, ಅದರ ಅನ್ಯಾಯ ಯಾರ ಕಣ್ಣಿಗೂ ಬೀಳುವುದಿಲ್ಲ. ಮೊದಲು ಮೇಲ್ಮನವಿ ಸಲ್ಲಿಸಿ. ಅದೂ ಫಲಿಸದೆ, ಕಟ್ಟಲಾರೆನೆಂದು ನಿಮ್ಮ ಮನಸ್ಸು ಗಟ್ಟಿಯಾಗಿ ಹೇಳಿದರೆ, ಕಾರಣ ಬರೆದು ಸಹಿ ಹಾಕಿ ಕಚೇರಿಗೆ ಕೊಡಿ. ನೋಟಿಸು, ದಂಡ, ಜಪ್ತಿ ಬಂದೀತು. ಮನೆಯವರಿಗೂ ಮುಂಚೆಯೇ ತಿಳಿಸಿರಿ. ಆ ಪತ್ರದ ಒಂದು ಪ್ರತಿ ನಮಗೂ ಕಳಿಸಿ, ಪ್ರಕಟಿಸುತ್ತೇವೆ.

– ಸಂ.