ಬುಡಕ್ಕೆ ಸುರಿದ ಶಿಲೀಂಧ್ರನಾಶಕವನ್ನು ಮಣ್ಣು ಹಿಡಿದುಕೊಳ್ಳುತ್ತದೆಯೇ?

ಕಾಳುಮೆಣಸಿನ ಸೊರಗು ರೋಗಕ್ಕೆ ಎರಡು ತೋಟಗಳಿಗೂ ಒಂದೇ ಅಳತೆಯಲ್ಲಿ ಮೆಟಲಾಕ್ಸಿಲ್-ಮ್ಯಾಂಕೋಜೆಬ್ (ಎರಡು ಶಿಲೀಂಧ್ರನಾಶಕಗಳ ಮಿಶ್ರಣ) ಹಾಕಿದರೂ ಗೊಬ್ಬರ ಹೆಚ್ಚಿರುವ ತೋಟದಲ್ಲಿ ಫಲ ಕಡಿಮೆ, ಅಲ್ಲಿ ಪ್ರಮಾಣ ಹೆಚ್ಚಿಸಲೇ ಎಂದು ಕೇಳಿದ್ದೀರಿ. ಹೆಚ್ಚಿಸಬೇಡಿ. ಮೊದಲು ಮಣ್ಣು ಪರೀಕ್ಷೆಯ ವರದಿಯಲ್ಲಿ ಸಾವಯವ ಇಂಗಾಲ (ಗೊಬ್ಬರ, ತರಗೆಲೆ ಕೊಳೆತು ಮಣ್ಣಿಗೆ ಸೇರಿದ ಇಂಗಾಲ) ಎಷ್ಟಿದೆ ನೋಡಿ. ಅದು ಹೆಚ್ಚಿದ್ದಷ್ಟೂ ಔಷಧಿ ಮಣ್ಣಿಗೆ ಹೆಚ್ಚು ಅಂಟುತ್ತದೆ.

ಬೇರಿಗೆ ಸಿಗುವುದು ಮಣ್ಣಿನ ನೀರಿನಲ್ಲಿ ಕರಗಿರುವ ಔಷಧಿ ಮಾತ್ರ. ಮೆಟಲಾಕ್ಸಿಲ್ ನೀರಿನಲ್ಲಿ ಲೀಟರಿಗೆ ಸುಮಾರು 8 ಗ್ರಾಂ ಕರಗುತ್ತದೆ, ಬೇರೆ ಹಲವು ಔಷಧಿಗಳಿಗಿಂತ ಮಣ್ಣಿಗೆ ಅಂಟುವುದು ಕಡಿಮೆ. ಆದರೂ ಇಂಗಾಲ 0.5% ಇರುವ, ಹದವಾಗಿ ತೇವವಿರುವ ಮಣ್ಣಿನಲ್ಲಿ ಹಾಕಿದ್ದರ ಕಾಲುಭಾಗಕ್ಕಿಂತ ತುಸು ಹೆಚ್ಚು ನೀರಿನಲ್ಲಿ ಉಳಿದೀತು. 2% ಇದ್ದರೆ ಹತ್ತನೇ ಒಂದು ಭಾಗದಷ್ಟು. ಟೆಬುಕೊನಜೋಲ್ ಎಂಬ ಇನ್ನೊಂದು ಶಿಲೀಂಧ್ರನಾಶಕವಾದರೆ ಇವೆರಡೂ ಲೆಕ್ಕ ಸುಮಾರು 4% ಮತ್ತು 1%ಕ್ಕೆ ಇಳಿಯುತ್ತವೆ. ಹಾಗಾಗಿ ಅದನ್ನು ಬುಡಕ್ಕೆ ಸುರಿದು ಆಳದ ಬೇರಿಗೆ ತಲುಪಿಸುವ ಆಸೆ ಇಟ್ಟುಕೊಳ್ಳಬಾರದು. ಮ್ಯಾಂಕೋಜೆಬ್ ಕರಗುವುದೇ ಅತ್ಯಲ್ಪ, ಮೇಲ್ಪದರದಲ್ಲೇ ನಿಲ್ಲುತ್ತದೆ.

ಮಳೆ ಬಿದ್ದು ಮಣ್ಣಿನ ನೀರಿನಲ್ಲಿ ಔಷಧಿ ತೆಳುವಾದಾಗ ಅಂಟಿದ ಔಷಧಿ ಮೆಲ್ಲಗೆ ಬಿಡುಗಡೆಯಾಗುತ್ತದೆ. ಆದರೆ ಅಂಟಿದಷ್ಟೂ ವಾಪಸ್ ಬರುವುದಿಲ್ಲ. ದಿನ ಕಳೆದಂತೆ ಅಣುಗಳು ಸಾವಯವ ಪದಾರ್ಥದ ಒಳಗೆ ಇಳಿಯುತ್ತವೆ, ಬಿಡಿಸಿಕೊಳ್ಳುವುದು ಕಷ್ಟವಾಗುತ್ತದೆ.

ಹೀಗೆ ಮಾಡಿ: ಬುಡದ ಹಸಿ ಗೊಬ್ಬರ, ತರಗೆಲೆ ಪಕ್ಕಕ್ಕೆ ಸರಿಸಿ, ಇಲ್ಲದಿದ್ದರೆ ಮೊದಲ ಗುಟುಕು ಅವುಗಳದ್ದೇ. ಮಣ್ಣು ತೇವವಿರುವಾಗ, ಆದರೆ ನೀರು ನಿಂತಿರದಾಗ, ಲೀಟರ್ ನೀರಿಗೆ 1.25 ಗ್ರಾಂ ಮೆಟಲಾಕ್ಸಿಲ್-ಮ್ಯಾಂಕೋಜೆಬ್‌ನಂತೆ ಬಳ್ಳಿಗೆ 5ರಿಂದ 10 ಲೀಟರ್ ನಿಧಾನವಾಗಿ ಸುರಿಯಿರಿ. ಒಣಗಿ ಬಿರುಕು ಬಿಟ್ಟ ಕಪ್ಪುಮಣ್ಣಿಗೆ ಸುರಿದರೆ ದ್ರಾವಣ ಬಿರುಕಿನಲ್ಲಿ ಇಳಿದು ಬೇರನ್ನು ದಾಟಿಹೋಗುತ್ತದೆ. ಮರಳುಮಣ್ಣಿನಲ್ಲಿ ಭಾರಿ ಮಳೆಯ ಮುನ್ನಾದಿನ ಹಾಕಿದ್ದು ಬಹುಪಾಲು ವ್ಯರ್ಥ.

ಪ್ರತಿವರ್ಷ ಮೆಟಲಾಕ್ಸಿಲ್ ಒಂದನ್ನೇ ಹಾಕುತ್ತಿದ್ದರೆ ಇನ್ನೊಂದು ಕಾರಣವೂ ಇರಬಹುದು. ಅದನ್ನು ಒಡೆಯುವ ಸೂಕ್ಷ್ಮಜೀವಿಗಳು ಹೆಚ್ಚಿ ಔಷಧಿ ಬೇಗ ಮುಗಿದುಹೋಗುತ್ತದೆ. ರೋಗಾಣುವೇ ನಿರೋಧಕತೆ ಬೆಳೆಸಿಕೊಂಡಿರಲೂ ಸಾಧ್ಯ. ಎರಡಕ್ಕೂ ಮದ್ದು ಔಷಧಿ ಬದಲಿಸುವುದು.

ತಾಮ್ರದ ನಡೆ ಬೇರೆ, ಅದು ಕೊಳೆತು ಮಾಯವಾಗುವುದಿಲ್ಲ. 1% ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ) ದ್ರಾವಣದ ಪ್ರತಿ 100 ಲೀಟರಿನಲ್ಲಿ ಸುಮಾರು 250 ಗ್ರಾಂ ತಾಮ್ರವಿದೆ. ಅದು ಸಾವಯವ ಪದಾರ್ಥಕ್ಕೂ ಕಬ್ಬಿಣದ ಆಕ್ಸೈಡಿಗೂ ಗಟ್ಟಿಯಾಗಿ ಅಂಟುತ್ತದೆ, ಮಣ್ಣಿನ ರಸಸಾರ (pH) 5.5ಕ್ಕಿಂತ ಇಳಿದರೆ ಸಡಿಲವಾಗತೊಡಗುತ್ತದೆ. ಮಲೆನಾಡಿನ ಹುಳಿ ಮಣ್ಣಿನಲ್ಲಿ ಎಳೆಗಿಡದ ಬೇರಿನ ತುದಿ ಸುಡಲು, ಎಲೆ ಹಳದಿಯಾಗಲು ಇದು ಕಾರಣವಾಗಬಲ್ಲದು. ವರದಿ ನೋಡಿ ಸುಣ್ಣ ಕೊಡಿ. ಮಣ್ಣಿನ ತಾಮ್ರವನ್ನೂ ಪರೀಕ್ಷಿಸಲು ಹೇಳಿ.