ಕಟು ಅಂದರೆ ಖಾರವೋ, ಕಹಿಯೋ?

ಗೀತೆಯ ಅನುವಾದದಲ್ಲಿ 'ಕಟು' ಅಂದರೆ ಕಹಿ ಅಂತಿದೆ, ಆಯುರ್ವೇದದ ಪುಸ್ತಕದಲ್ಲಿ ಖಾರ ಅಂತಿದೆ, ಯಾವುದು ಸರಿ ಎಂದು ಕೇಳಿದ್ದೀರಿ. ಎರಡಕ್ಕೂ ಆಧಾರ ಇದೆ. ಆದರೆ ರುಚಿಯ ಹೆಸರಾಗಿ ಕೇಳಿದರೆ ನಾನು ಖಾರ ಅಂತಲೇ ಹೇಳುತ್ತೇನೆ.

ಆಯುರ್ವೇದದ ಆರು ರಸಗಳು ಮಧುರ, ಆಮ್ಲ, ಲವಣ, ಕಟು, ತಿಕ್ತ, ಕಷಾಯ. ನಮ್ಮ ಮಾತಲ್ಲಿ ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು. ಕಹಿಗೆ ತಿಕ್ತ ಅನ್ನೋ ಹೆಸರು ಬೇರೆಯೇ ಇದೆ, ಅಲ್ವಾ? ಗ್ರಂಧಿಗೆ ಅಂಗಡಿಯಲ್ಲಿ ಸಿಗುವ 'ತ್ರಿಕಟು' ಚೂರ್ಣ ನೋಡಿ. ಒಣಶುಂಠಿ, ಕರಿಮೆಣಸು, ಹಿಪ್ಪಲಿ. ಮೂರೂ ನಾಲಿಗೆ ಉರಿಸುವಂಥವು. ಮೆಣಸಿನಕಾಯಿ ಇದರಲ್ಲಿಲ್ಲ, ಯಾಕೆಂದರೆ ಅದು ಆಗಿನ್ನೂ ನಮ್ಮಲ್ಲಿಗೆ ಬಂದಿರಲಿಲ್ಲ. ಅಮೆರಿಕದ ಆ ಕಾಯಿಯನ್ನು 16ನೇ ಶತಮಾನದಲ್ಲಿ ಪೋರ್ಚುಗೀಸರು ತಂದರು. ಕನ್ನಡದಲ್ಲಿ ಅದಕ್ಕೆ ಹಳೆಯ ಮೆಣಸಿನ ಹೆಸರೇ ಸಿಕ್ಕಿತು.

ಗೀತೆಯ ವಿಷಯ ಸ್ವಲ್ಪ ತೊಡಕಿನದು. 17ನೇ ಅಧ್ಯಾಯದ 9ನೇ ಶ್ಲೋಕದಲ್ಲಿ ರಾಜಸರಿಗೆ, ಅಂದರೆ ರಜೋಗುಣ ಹೆಚ್ಚಿರುವವರಿಗೆ, ಇಷ್ಟವಾಗುವ ಆಹಾರದ ಪಟ್ಟಿ ಬರುತ್ತದೆ. ಅಲ್ಲಿ 'ಕಟು' ಇದೆ, ಮುಂದೆ 'ತೀಕ್ಷ್ಣ'ವೂ ಇದೆ. ಎರಡೂ ಖಾರವೇ ಆದರೆ ಹೇಳಿದ್ದನ್ನೇ ಹೇಳಿದ ಹಾಗಾಗುತ್ತದೆ. ಅದಕ್ಕೇ ಶ್ರೀಧರಸ್ವಾಮಿಯ ವ್ಯಾಖ್ಯಾನ ಕಟುವಿಗೆ ಬೇವನ್ನು, ತೀಕ್ಷ್ಣಕ್ಕೆ ಮೆಣಸನ್ನು ಉದಾಹರಣೆ ಕೊಡುತ್ತದೆ. ಹಾಗಾಗಿ ನಿಮ್ಮ ಅನುವಾದಕರು ಸುಮ್ನೆ ಕಹಿ ಅಂತ ಬರೆದಿರಲಾರರು. ಹಿಂದಿಯ 'ಕಡ್ವಾ' ಇದೇ ಕಟುವಿನಿಂದ ಹುಟ್ಟಿದ್ದು, ಅದರ ಅರ್ಥವೂ ಕಹಿಯೇ. ಕಟುಕರೋಹಿಣಿ ಎಂಬ ಬೇರಿನ ಹೆಸರಲ್ಲೇ ಕಟು ಇದೆ, ಬಾಯಿಗೆ ಹಾಕಿದರೆ ವಿಪರೀತ ಕಹಿ. ಇಷ್ಟಾದರೂ ಆಸೆಪಟ್ಟು ಬೇವು ತಿನ್ನುವವರನ್ನು ರಾಜಸರು ಅನ್ನೋದು ನನಗೆ ಒಪ್ಪಿಗೆಯಾಗುವುದಿಲ್ಲ. ಆ ಶ್ಲೋಕದಲ್ಲೂ ಖಾರವೇ ಹೆಚ್ಚು ಹೊಂದುತ್ತದೆ.

ಇನ್ನು ಕನ್ನಡದ ಬಳಕೆ. ಊಟಕ್ಕೆ ಕೂತವರು ಯಾರೂ "ಸಾರು ಕಟುವಾಗಿದೆ" ಅನ್ನಲ್ಲ. ನಾಲಿಗೆ ಉರಿದರೆ ಖಾರ. ಒಗ್ಗರಣೆಯ ಮೆಣಸಿನಕಾಯಿ ಸೀದು ಮನೆಯವರೆಲ್ಲ ಕೆಮ್ಮಿದರೆ ಘಾಟು. ಅಮೋನಿಯಾದಂಥ ಅನಿಲದ ಬಗ್ಗೆ ಬರೆಯುವಾಗ ಮಾತ್ರ 'ಕಟುವಾದ ವಾಸನೆ' ಬರುತ್ತದೆ. ಉಳಿದಂತೆ ಈ ಪದ ಜಾಸ್ತಿ ಸಿಗುವುದು ಮಾತಿನ ವಿಚಾರದಲ್ಲೇ: ಕಟುಮಾತು, ಕಟು ಟೀಕೆ, ಕಟುಸತ್ಯ.

ಇಲ್ಲಿ ಕಹಿಯನ್ನೂ ಕಟುವನ್ನೂ ಅದಲುಬದಲು ಮಾಡಬೇಡಿ. 'ಕಹಿ ನೆನಪು' ಸರಿ, ಅದು ಮನಸ್ಸಲ್ಲಿ ಉಳಿದುಬಿಡುವ ನೋವು. 'ಕಟು ನೆನಪು' ಕಿವಿಗೆ ಒಗ್ಗುವುದಿಲ್ಲ. ಕಟು ಅನ್ನೋದು ತಾಗಿದ ಕ್ಷಣಕ್ಕೇ ಚುರ್ ಅನ್ನುವಂಥದ್ದು. 'ನಿಷ್ಠುರ'ವೂ ಬೇರೆ. ಮುಲಾಜಿಲ್ಲದೆ, ಆದರೆ ಶಾಂತವಾಗಿ ಹೇಳಿದರೂ ಅದು ನಿಷ್ಠುರವಾದ ಮಾತೇ. ಕಟುವಾಗಿ ಹೇಳಿದರು ಅಂದರೆ ಕೇಳಿದವರಿಗೆ ಆ ದನಿಯೇ ಚುಚ್ಚಿದೆ ಅಂತ ಅರ್ಥ.